ಪಾನನಿರೋಧ: ಆಜ್ಞೆಯೋ, ವ್ರತವೋ?

ಮನುಷ್ಯನು ಏನನ್ನು ಉಣ್ಣಬೇಕು, ಏನನ್ನು ಕುಡಿಯಬಾರದು ಎಂಬುದನ್ನು ನಿರ್ಧರಿಸುವವರು ಯಾರು? ಪ್ರಭುತ್ವವೋ, ಸಮಾಜವೋ, ಅಥವಾ ಆ ಮನುಷ್ಯನೋ? ಈ ಪ್ರಶ್ನೆಗೆ ತತ್ತ್ವಜ್ಞಾನದ ಗ್ರಂಥಗಳಲ್ಲಿ ಉತ್ತರ ಹುಡುಕುವವರು ಬಹಳ. ಆದರೆ ಕೊಡ್ಲಿ, ಚಿಂಚೋಳಿ, ಸೇಡಂ, ಚಿತ್ತಾಪುರಗಳ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಇದು ಹೊಲದ ಬದುವಿನ ಈಚಲುಮರದಷ್ಟೇ ಸಮೀಪದ ವಿಷಯ. ಆ ಮರಕ್ಕೆ ತೆರಿಗೆ ಹಾಕಿದ ಸರಕಾರವನ್ನೂ, ಅದನ್ನು ಕಡಿಯಲು ಹೇಳಿದ ಚಳುವಳಿಯನ್ನೂ, ಅದನ್ನು ಏರಬಾರದೆಂದ ಕಾನೂನನ್ನೂ ಈ ನೆಲ ಒಂದೇ ಶತಮಾನದೊಳಗೆ ಕಂಡಿದೆ. ಆ ಇತಿಹಾಸವನ್ನು ಸಂಕ್ಷೇಪವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಿಜಾಮರ ಆಳ್ವಿಕೆಯಲ್ಲಿ ಅಬಕಾರಿಯು ಬೊಕ್ಕಸದ ಬಹು ಮುಖ್ಯವಾದ ಆಧಾರಗಳಲ್ಲಿ ಒಂದಾಗಿತ್ತು. ಸಿಂದಿ ಇಳಿಸುವ ಮರಕ್ಕೆ ತೆರಿಗೆ, ಮಾರುವ ಅಂಗಡಿಗೆ ಹರಾಜು, ಹರಾಜು ಹಿಡಿದವನಿಗೆ ಗುತ್ತೆ ಎಂಬುದು ಆಗಿನ ವ್ಯವಸ್ಥೆ. ಈ ಭಾಗದಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಗುತ್ತೇದಾರ’ ಎಂಬ ಅಡ್ಡಹೆಸರು ಆ ಕಾಲದ ಸ್ಮಾರಕವೇ ಸರಿ. ಕುಡಿಯುವುದು ಬಿಡುವುದು ಪ್ರಜೆಯ ಇಚ್ಛೆಗೆ ಸೇರಿದ್ದೆಂದು ಮೇಲ್ನೋಟಕ್ಕೆ ಕಾಣುತ್ತಿತ್ತು. ಆದರೆ ಅಂಗಡಿ ಎಲ್ಲಿರಬೇಕು, ಯಾರು ಮಾರಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದುದು ಹರಾಜಿನ ಮೊತ್ತ. ಊರಿನವರು ಬೇಡವೆಂದರೂ ಅಂಗಡಿಯನ್ನು ಎತ್ತಿಸುವ ದಾರಿ ಅವರಿಗಿರಲಿಲ್ಲ. ಆ ವ್ಯವಸ್ಥೆಯಲ್ಲಿ ಸ್ವಾತಂತ್ರ್ಯವೆಂಬುದು ಕೊಳ್ಳುವವನಿಗಿಂತ ಹೆಚ್ಚಾಗಿ ಮಾರುವವನಿಗೆ ಇತ್ತು ಎನ್ನಬೇಕಾಗುತ್ತದೆ.

ಆದುದರಿಂದಲೇ ಸ್ವಾತಂತ್ರ್ಯ ಹೋರಾಟದಲ್ಲಿ ಈಚಲುಮರ ಒಂದು ರಾಜಕೀಯ ಸಂಕೇತವಾಯಿತು. 1939ರಲ್ಲಿ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ನೇತೃತ್ವದಲ್ಲಿ ನಡೆದ ಅರಣ್ಯ ಸತ್ಯಾಗ್ರಹದಲ್ಲಿ ಈಚಲುಮರಗಳನ್ನು ಕಡಿಯಲಾಯಿತು. 1947ರಲ್ಲಿ ಸಿಂದಗಿಯಲ್ಲಿ ಜನಿಸಿದ ಸ್ವಾಮಿ ರಮಾನಂದ ತೀರ್ಥರ ಮುಂದಾಳುತನದಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು ಭಾರತ ಒಕ್ಕೂಟವನ್ನು ಸೇರುವ ಚಳುವಳಿಯನ್ನು ಹೂಡಿದಾಗ, ಸಿಂದಿಮರಗಳನ್ನು ಕಡಿದು ನಿಜಾಮರ ಆದಾಯಕ್ಕೆ ಪೆಟ್ಟು ಕೊಡುವುದು ಅದರ ಕಾರ್ಯಕ್ರಮಗಳಲ್ಲಿ ಸೇರಿತ್ತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕೊಡಲಿ ಎತ್ತಿದವರ ಕಣ್ಣು ಕುಡುಕನ ಮೇಲಿರಲಿಲ್ಲ. ಕುಡಿತದಿಂದ ಬದುಕುತ್ತಿದ್ದ ಪ್ರಭುತ್ವದ ಮೇಲಿತ್ತು.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ತನ್ನ 47ನೆಯ ಅನುಚ್ಛೇದದಲ್ಲಿ ಮಾದಕ ಪಾನೀಯಗಳ ನಿಷೇಧಕ್ಕೆ ಪ್ರಯತ್ನಿಸುವುದು ರಾಜ್ಯದ ಕರ್ತವ್ಯವೆಂದು ನಿರ್ದೇಶಿಸಿತು. ಆದರೆ 1956ರಲ್ಲಿ ಕನ್ನಡನಾಡು ಒಂದಾದಾಗ ಕಂಡುಬಂದ ಚಿತ್ರ ವಿಚಿತ್ರವಾಗಿತ್ತು. ಮುಂಬಯಿ ಪ್ರಾಂತದಿಂದ ಬಂದ ಧಾರವಾಡ, ಬೆಳಗಾವಿ, ವಿಜಾಪುರಗಳಲ್ಲಿ 1949ರ ಮುಂಬಯಿ ಪಾನನಿರೋಧ ಕಾಯ್ದೆಯಿತ್ತು. ಮದರಾಸಿನಿಂದ ಬಂದ ಭಾಗಗಳಲ್ಲಿ 1937ರ ಕಾಯ್ದೆಯ ಪರಂಪರೆಯಿತ್ತು. ಹೈದರಾಬಾದಿನಿಂದ ಬಂದ ನಮ್ಮ ಕಡೆಯಲ್ಲಿ ಹಳೆಯ ಅಬಕಾರಿ ಪದ್ಧತಿಯೇ ಮುಂದುವರಿದಿತ್ತು. ವಿಜಾಪುರ ಜಿಲ್ಲೆಯಲ್ಲಿ ಅಪರಾಧವಾಗಿದ್ದ ಕಾರ್ಯ ಗುಲಬರ್ಗಾ ಜಿಲ್ಲೆಯಲ್ಲಿ ಸರಕಾರಕ್ಕೆ ಸಲ್ಲುವ ಕಾಣಿಕೆಯಾಗಿತ್ತು! ಒಂದೇ ಭಾಷೆ, ಒಂದೇ ನಾಡು, ಒಂದೇ ಸರಕಾರ. ಆದರೆ ಪಾಪಪುಣ್ಯಗಳ ಗಡಿ ಮಾತ್ರ ಜಿಲ್ಲೆಯ ಗಡಿಯೊಡನೆ ಬದಲಾಗುತ್ತಿತ್ತು.

1961ರಲ್ಲಿ ಮೈಸೂರು ಪಾನನಿರೋಧ ಕಾಯ್ದೆ ಬಂದಿತು. ಆರು ವರ್ಷಗಳು ಕಳೆಯುವಷ್ಟರಲ್ಲಿ, 1967ರಲ್ಲಿ, ಪಾನನಿರೋಧವನ್ನೇ ಕೈಬಿಡಲಾಯಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ತುರುವನೂರಿನ ಸತ್ಯಾಗ್ರಹದ ಅದೇ ನಿಜಲಿಂಗಪ್ಪನವರು. ಇದನ್ನು ಒಬ್ಬ ವ್ಯಕ್ತಿಯ ಚಂಚಲತೆಯೆಂದು ಬಗೆಯುವುದು ಅನ್ಯಾಯ. ಕಳ್ಳಭಟ್ಟಿ ಹಬ್ಬಿತ್ತು, ಬೊಕ್ಕಸ ಬರಿದಾಗುತ್ತಿತ್ತು, ಕಾನೂನಿಗೆ ಗೌರವ ಉಳಿದಿರಲಿಲ್ಲ. ಚಳುವಳಿಗಾರನಿಗೆ ಸಿಕ್ಕುವ ಸರಳತೆ ಆಡಳಿತಗಾರನಿಗೆ ಸಿಕ್ಕದು. ಆದರೆ ನಿಷೇಧ ತೆಗೆದೊಡನೆ ವಿಷಮದ್ಯ ನಿಂತಿತೇ? 1981ರಲ್ಲಿ ಬೆಂಗಳೂರಿನಲ್ಲಿ ಕಲಬೆರಕೆಯ ಮದ್ಯಕ್ಕೆ 300ಕ್ಕೂ ಹೆಚ್ಚು ಜನರು ಬಲಿಯಾದರು. ಆಗ ರಾಜ್ಯದಲ್ಲಿ ಪಾನನಿರೋಧವಿರಲಿಲ್ಲ. ಆದಕಾರಣ ನಿಷೇಧವೊಂದೇ ಕೇಡಿನ ಮೂಲವೆಂಬ ವಾದವೂ ಪೂರ್ಣಸತ್ಯವಲ್ಲ.

ಆಮೇಲಿನ ಎರಡು ದಶಕಗಳಲ್ಲಿ ಗುತ್ತಿಗೆದಾರರ ಪ್ರಭಾವ ಸರಕಾರಕ್ಕೇ ಸವಾಲಾಗುವಷ್ಟು ಬೆಳೆಯಿತು. ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರು 1989ರಲ್ಲಿ ಎರಡನೆಯ ಬಾರಿ ಮುಖ್ಯಮಂತ್ರಿಗಳಾದಾಗ ಮದ್ಯದ ಗುತ್ತಿಗೆದಾರರನ್ನು ಬಿಗಿಹಿಡಿಯಲು ಹೊರಟರು. 1990ರ ಅಕ್ಟೋಬರಿನಲ್ಲಿ ಅವರ ಅಧಿಕಾರ ಹೋಯಿತು. ಅದಕ್ಕೆ ಕಾರಣಗಳು ಹಲವು ಇದ್ದರೂ ಮದ್ಯದ ಹಿತಾಸಕ್ತಿಯೂ ಅವುಗಳಲ್ಲಿ ಒಂದೆಂದು ಹೇಳುವವರು ಇಂದಿಗೂ ಇದ್ದಾರೆ. ಮದ್ಯದ ವ್ಯಾಪಾರವು ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ಸ್ಪಷ್ಟಪಡಿಸಿದ್ದು ಕರ್ನಾಟಕದಿಂದ ಹೋದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿಯೇ. ಆ ವ್ಯಾಪಾರವನ್ನು ಪೂರ್ಣವಾಗಿ ನಿಷೇಧಿಸುವ ಅಧಿಕಾರವೂ, ನಿರ್ಬಂಧಗಳೊಡನೆ ಅನುಮತಿಸುವ ಅಧಿಕಾರವೂ ರಾಜ್ಯಕ್ಕೆ ಉಂಟೆಂದಾಯಿತು.

ಆ ಅಧಿಕಾರದ ಪ್ರಯೋಗವನ್ನು ನಾವು ಎರಡು ಬಾರಿ ಕಣ್ಣಾರೆ ಕಂಡೆವು. 2004ರ ಸುಮಾರಿಗೆ ಒಳನಾಡಿನ ಜಿಲ್ಲೆಗಳಲ್ಲಿ ಸಿಂದಿ ನಿಂತಿತು. ಕ್ಲೋರಲ್ ಹೈಡ್ರೇಟ್ ಎಂಬ ಪುಡಿಯನ್ನು ಬೆರೆಸಿ ಜನರ ಆರೋಗ್ಯವನ್ನು ಹಾಳುಮಾಡುತ್ತಿದ್ದುದು ಎಲ್ಲರಿಗೂ ತಿಳಿದ ವಿಷಯವಾದ್ದರಿಂದ ನಾನೂ ಅದನ್ನು ಸ್ವಾಗತಿಸಿದೆ. ನಮ್ಮೂರ ಕಡೆಯ ವೃದ್ಧರೊಬ್ಬರು ತಲೆಮಾರುಗಳಿಂದ ಮರ ಏರುತ್ತಿದ್ದ ಮನೆಯವರು. ನಾನು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ. ಅವರು ಒಮ್ಮೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. “ಮಾಸ್ತರ, ಪುಡಿ ಕಲಸಿದವರು ಬ್ಯಾರೆ, ಮರ ಏರಿದವರು ಬ್ಯಾರೆ. ಬಂದ್ ಆಗಿದ್ದು ಮಾತ್ರ ಇಬ್ಬರದೂ ಕೂಡೇ.” ನನ್ನಲ್ಲಿ ಉತ್ತರವಿರಲಿಲ್ಲ.

2007ರ ಜುಲೈ 1ರಿಂದ ರಾಜ್ಯಾದ್ಯಂತ ಸಾರಾಯಿಯ ನಿಷೇಧವಾಯಿತು. ಆಗ ನಾನು ಸೇವೆಯಲ್ಲಿದ್ದೆ. ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೆ ಈ ಶುಭವಾರ್ತೆಯನ್ನು ಹೇಳಿ ಚಪ್ಪಾಳೆ ಹೊಡೆಸಿದೆ. ಮೂರು ನಾಲ್ಕು ತಿಂಗಳ ತರುವಾಯ ಕಲ್ಲುಗಣಿಯ ಕೂಲಿಕಾರನ ಮಗನೊಬ್ಬ ನೋಟುಬುಕ್ಕು ತಂದಿರಲಿಲ್ಲವೆಂದು ಗದರಿದಾಗ ಅವನು ಹೇಳಿದನು: “ನಮ್ಮಪ್ಪ ಸರಾಯಿ ಬಿಟ್ಟಾನ್ರಿ ಸರ. ಈಗ ವಿಸ್ಕಿ ಕುಡಿತಾನ್ರಿ. ರೊಕ್ಕ ಭಾಳ ಹೋಗ್ತಾವ್ರಿ.” ಬಡವನ ಪಾನೀಯವನ್ನು ನಿಷೇಧಿಸಿ, ಹೆಚ್ಚು ಬೆಲೆಯ ಪಾನೀಯವನ್ನು ಸಣ್ಣ ಪೊಟ್ಟಣಗಳಲ್ಲಿ ಅವನ ಕೈಗೆಟಕುವಂತೆ ಮಾಡಿದ್ದನ್ನು ಪಾನನಿರೋಧವೆಂದು ಕರೆಯಲು ಬರುವುದಿಲ್ಲ. 2022-23ರಲ್ಲಿ ರಾಜ್ಯದ ಅಬಕಾರಿ ಆದಾಯ 29 ಸಾವಿರ ಕೋಟಿ ರೂಪಾಯಿಗಳನ್ನು ದಾಟಿತು. ಹರಾಜಿನ ಕೂಗು ನಿಂತಿತು. ಬೊಕ್ಕಸದ ಹಸಿವು ನಿಲ್ಲಲಿಲ್ಲ.

ಇಲ್ಲಿ ಹನ್ನೆರಡನೆಯ ಶತಮಾನದ ಒಂದು ನಿದರ್ಶನವನ್ನು ನೆನೆಯುವುದು ಅಪ್ರಸ್ತುತವಾಗದು. ಶರಣರ ಸಮೂಹದಲ್ಲಿ ಹೆಂಡ ಮಾರುವ ಕಾಯಕದವನಾಗಿದ್ದ ಹೆಂಡದ ಮಾರಯ್ಯನೂ ಇದ್ದನು. ಧರ್ಮೇಶ್ವರಲಿಂಗ ಎಂಬ ಅಂಕಿತದ ಅವನ ವಚನಗಳಲ್ಲಿ ಕಸುಬಿನ ಪರಿಭಾಷೆಯೇ ಅನುಭಾವದ ಪರಿಭಾಷೆಯಾಗಿದೆ. ಕಸುಬಿನ ಕಾರಣಕ್ಕಾಗಿ ಅವನನ್ನು ಹೊರಗಟ್ಟಲಿಲ್ಲವೆಂಬುದನ್ನು ಗಮನಿಸಬೇಕು. ಅದೇ ಪರಂಪರೆಯಲ್ಲಿ ಆಚಾರವನ್ನೇ ಪ್ರಾಣವೆಂದು ಸಾರಿದ ಅಕ್ಕಮ್ಮನೂ ಇದ್ದಳು. ವ್ರತದ ವಿಷಯದಲ್ಲಿ ಅವಳಷ್ಟು ಕಟ್ಟುನಿಟ್ಟಿನವರು ವಿರಳ. ಆದರೆ ಆ ವ್ರತವನ್ನು ಯಾವ ಅರಸನೂ ವಿಧಿಸಿದ್ದಲ್ಲ; ತಾನಾಗಿ ತೊಟ್ಟದ್ದು, ಮನದ ನಿಷ್ಠೆಯಿಂದ ನಡೆಸಿದ್ದು. ಆಜ್ಞೆಯು ಕಾವಲುಗಾರನು ಬೆನ್ನು ತಿರುಗಿಸುವವರೆಗೆ ಬಾಳುತ್ತದೆ. ವ್ರತಕ್ಕೆ ಕಾವಲುಗಾರನು ಬೇಕಿಲ್ಲ. ಕಾನೂನಿನಿಂದ ಸಂಯಮವನ್ನು ಹುಟ್ಟಿಸಬಹುದೆಂಬ ಭ್ರಮೆಯನ್ನು ನಾವು ಬಿಡಬೇಕು.

ಹಾಗಾದರೆ ಸರಕಾರವು ಕೈಕಟ್ಟಿ ಕೂಡಬೇಕೇ? ಹಾಗೆಂದು ನಾನು ಹೇಳಲಾರೆ. ವ್ರತವನ್ನು ತೊಡುವುದಕ್ಕೂ ಮೊದಲು ಮನುಷ್ಯನು ಸ್ವತಂತ್ರನಾಗಿರಬೇಕು. ಹೊತ್ತು ಮುಳುಗುವವರೆಗೆ ಕಲ್ಲು ಒಡೆದು ಬರುವವನ ದಾರಿಯಲ್ಲಿಯೇ ಅಂಗಡಿಯನ್ನಿಟ್ಟು, ಅವನ ಚಟದಿಂದ ಆದಾಯವನ್ನೆಣಿಸಿ, ಕೊನೆಗೆ ಅದು ಅವನ ವೈಯಕ್ತಿಕ ಆಯ್ಕೆ ಎನ್ನುವುದು ನ್ಯಾಯವಲ್ಲ. ಮೇಲಾಗಿ ಈ ಆಯ್ಕೆಯ ಬೆಲೆಯನ್ನು ತೆರುವವಳು ಮನೆಯ ಹೆಣ್ಣುಮಗಳು. ಅವಳನ್ನು ಯಾರೂ ಕೇಳಿದವರಿಲ್ಲ.

ಇತ್ತೀಚಿನ ಎರಡು ಪಾದಯಾತ್ರೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಮಹಿಳೆಯರು ಮದ್ಯ ನಿಷೇಧವನ್ನು ಬೇಡಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. 2023ರ ಜನವರಿಯಲ್ಲಿ ಚಿತ್ತಾಪುರ ತಾಲೂಕಿನ ಕರದಾಳದ ಪೀಠದ ಪ್ರಣವಾನಂದ ಸ್ವಾಮಿಗಳು ಮಂಗಳೂರಿನಿಂದ ಬೆಂಗಳೂರಿಗೆ ಹೊರಟರು. ಅವರ ಬೇಡಿಕೆಗಳಲ್ಲಿ ಸಿಂದಿ ಇಳಿಸುವ ಕುಲಕಸುಬಿಗೆ ಅನುಮತಿಯೂ ಒಂದಾಗಿತ್ತು. ಒಂದು ನಿಷೇಧವನ್ನು ಬೇಡಿತು, ಇನ್ನೊಂದು ನಿಷೇಧದ ತೆರವನ್ನು ಬೇಡಿತು. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾದ ಇವೆರಡರ ಒಳದನಿ ಒಂದೇ ಎಂದು ನನಗೆ ತೋರುತ್ತದೆ: ನಮ್ಮ ಬದುಕಿನ ಮೇಲಿನ ತೀರ್ಮಾನವನ್ನು ನಮ್ಮನ್ನು ಕೇಳದೆ ಮಾಡಬೇಡಿರಿ.

ನೆರೆಯ ಮಹಾರಾಷ್ಟ್ರದಲ್ಲಿ ಒಂದು ಏರ್ಪಾಡುಂಟು. ಊರಿನ ಮಹಿಳೆಯರು ‘ನಿಂತ ಬಾಟಲಿ’ಗೋ ‘ಮಲಗಿದ ಬಾಟಲಿ’ಗೋ ಮತ ಹಾಕುತ್ತಾರೆ. ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ಬಾಟಲಿಯನ್ನು ಮಲಗಿಸಿದರೆ ಅಂಗಡಿಯನ್ನು ಮುಚ್ಚಬೇಕು. ಇದರಲ್ಲಿ ದೋಷಗಳಿಲ್ಲವೆಂದಲ್ಲ. ಆದರೆ ಆಜ್ಞೆಗೂ ವ್ರತಕ್ಕೂ ನಡುವೆ ಒಂದು ಮೂರನೆಯ ದಾರಿ ಇದರಲ್ಲಿ ಕಾಣುತ್ತದೆ. ಊರು ತಾನೇ ಕೂಡಿ ತೊಡುವ ವ್ರತವದು. ನಮ್ಮ ಗ್ರಾಮಸಭೆಗಳಿಗೂ ಇಂತಹ ಅಧಿಕಾರ ಬರಬೇಕು.

ಆ ವಿಸ್ಕಿಯ ಮಾತಾಡಿದ ಹುಡುಗ ಈಗ ಸಂಸಾರಸ್ಥ. ಕಳೆದ ವರ್ಷ ಸೇಡಂ ಬಸ್ ನಿಲ್ದಾಣದಲ್ಲಿ ಸಿಕ್ಕಿ ಕಾಲುಮುಟ್ಟಿ ನಮಸ್ಕರಿಸಿದನು. ತಾನು ಕುಡಿಯುವುದಿಲ್ಲವೆಂದನು. ಯಾರಾದರೂ ಪ್ರತಿಜ್ಞೆ ಮಾಡಿಸಿದರೇನಪ್ಪಾ ಎಂದು ಕೇಳಿದೆ. “ಯಾರೂ ಮಾಡಿಸಿಲ್ರಿ ಸರ. ಅವ್ವನ ಮುಖ ನೋಡಿದ್ದೆ, ಅಷ್ಟೇ” ಎಂದನು. ಮೂವತ್ತು ವರ್ಷಗಳ ಕಾಲ ನಾನು ಪ್ರಾರ್ಥನೆಯ ಸಾಲಿನಲ್ಲಿ ಮಾಡಿಸಿದ ಪ್ರತಿಜ್ಞೆಗಳ ಬೆಲೆಯನ್ನು ನಾನು ಅಂದು ಮತ್ತೆ ಲೆಕ್ಕ ಹಾಕಬೇಕಾಯಿತು.