ಕೆರೆಯ ಕೋಡಿ, ಮೀನಿನ ತೊಟ್ಟಿಯ ಕೊಳವೆ

ಬೆಳಗಾವಿಯ ಖಾಸಬಾಗದಲ್ಲಿ ಸದ್ದಿನ ಬಗ್ಗೆ ದೂರುವವರು ಕಡಿಮೆ. ಪಕ್ಕದ ವಡಗಾವಿ, ಶಹಾಪುರಗಳಂತೆ ಇದೂ ನೇಕಾರರ ವಸತಿ. ಮಗ್ಗದ ಖಟಖಟ ಓಣಿಯಿಂದ ಓಣಿಗೆ ಕೇಳಿಸುತ್ತಲೇ ಇರುತ್ತದೆ. ಅದು ನಿಂತರೆ ಜನರಿಗೆ ಚಿಂತೆ. ಹೀಗಾಗಿ ಅಲ್ಲಿನ ಗೆಳೆಯರೊಬ್ಬರು ರಾತ್ರಿ ನಿದ್ದೆ ಬರುತ್ತಿಲ್ಲವೆಂದಾಗ ಅಚ್ಚರಿಯಾಯಿತು. ಕಾರಣ ಮಗ್ಗವಲ್ಲ, ಪಡಸಾಲೆಯಲ್ಲಿ ಅವರು ಆಸೆಯಿಂದ ಕೂರಿಸಿದ್ದ ನಾಲ್ಕು ಅಡಿ ಉದ್ದದ ಗಾಜಿನ ಮೀನಿನ ತೊಟ್ಟಿ.

‘ಹಗಲೊತ್ತು ಮಗ್ಗದ ಸಪ್ಪಳದಾಗ ಏನೂ ಗೊತ್ತಾಗಂಗಿಲ್ರಿ. ರಾತ್ರಿ ಎಲ್ಲಾ ನಿಂತ ಮ್ಯಾಲೆ ಇದು ಸುರು ಮಾಡತೈತಿ. ಗೊಳಗೊಳ ಅಂತೈತಿ, ಸುಮ್ಮನಾಗತೈತಿ, ಮತ್ತ ಗೊಳಗೊಳ. ಒಮ್ಮೆ ಅಂತೂ ನೀರು ತುಳುಕಿ ಕೆಳಗ ಇಟ್ಟಿದ್ದ ನೂಲೆಲ್ಲಾ ತೋಯ್ದು ಹೋತು’ ಎಂದರು.

ನೂಲು ತೋಯ್ದದ್ದು ನಗುವ ಮಾತಲ್ಲ; ನೇಕಾರನ ಮನೆಯಲ್ಲಿ ನೂಲೆಂದರೆ ಬಂಡವಾಳ. ತೊಟ್ಟಿಯ ವ್ಯವಸ್ಥೆ ಸರಳವಾಗಿಯೇ ಇತ್ತು. ಗಾಜಿನ ತೊಟ್ಟಿಯ ಕೆಳಗೆ ಇನ್ನೊಂದು ಸಣ್ಣ ತೊಟ್ಟಿ. ಅದರಲ್ಲಿ ನೀರು ಸೋಸಿ ಶುದ್ಧವಾಗುತ್ತದೆ, ಪಂಪು ಅದನ್ನು ಮತ್ತೆ ಮೇಲಕ್ಕೆ ಎತ್ತುತ್ತದೆ. ಮೇಲೆ ಹೆಚ್ಚಾದ ನೀರು ಒಂದು ಮೂಲೆಯ ಕೊಳವೆಯ ಮೂಲಕ ತಾನಾಗಿ ಕೆಳಗೆ ಬೀಳಬೇಕು. ಪಂಪು ಗಂಟೆಗೆ 1,500 ಲೀಟರಿನದು. ಕೊಳವೆ ಒಂದು ಇಂಚಿನದು. ಸದ್ದು ಬರುತ್ತಿದ್ದದ್ದು ಈ ಕೊಳವೆಯಿಂದ, ನೀರು ತುಳುಕಿದ್ದೂ ಇದೇ ಒಂದು ಕೊಳವೆಯನ್ನು ನಂಬಿದ್ದರಿಂದ.

ಹೆಚ್ಚಾದ ನೀರನ್ನು ಮನುಷ್ಯನ ಕೈ ತಗಲದಂತೆ, ಯಾವ ರಾತ್ರಿಯೂ ತಪ್ಪದಂತೆ ಹೊರಗೆ ಕಳಿಸುವುದು ಹೇಗೆ ಎಂಬುದು ಈ ನಾಡಿನ ಕೆರೆ ಕಟ್ಟುವವರು ಶತಮಾನಗಳ ಕಾಲ ತಲೆ ಕೆಡಿಸಿಕೊಂಡ ಪ್ರಶ್ನೆ. ಗಾಜಿನ ತೊಟ್ಟಿಯಲ್ಲಿ ತಪ್ಪಿದರೆ ನೂಲು ತೋಯುತ್ತದೆ, ಕೆರೆಯಲ್ಲಿ ತಪ್ಪಿದರೆ ಊರು ಹೋಗುತ್ತದೆ. ಖಾಸಬಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರತಿ ಮಳೆಗಾಲದಲ್ಲಿ ಬಳ್ಳಾರಿ ನಾಲೆ ಉಕ್ಕಿ ಶಹಾಪುರ, ವಡಗಾವಿ, ಯಳ್ಳೂರು ಭಾಗದ ಗದ್ದೆಗಳಲ್ಲಿ ನೀರು ನಿಲ್ಲುವುದನ್ನು ಅವರು ಕಾಣುತ್ತಲೇ ಬಂದಿದ್ದಾರೆ. 2019ರ ಆಗಸ್ಟ್‌ನಲ್ಲಂತೂ ನೀರು ನಗರದ ತಗ್ಗಿನ ಬಡಾವಣೆಗಳ ಮನೆಗಳೊಳಗೇ ಬಂದಿತ್ತು.

ಮೊದಲು ಕೋಡಿಯ ಮಾತು. ಕೆರೆಗೆ ಏರಿ ಎಷ್ಟು ಮುಖ್ಯವೋ ಕೋಡಿಯೂ ಅಷ್ಟೇ ಮುಖ್ಯ. ತೂಬು ಬೇಕಾದಾಗ ನೀರು ಬಿಡುವ ಬಾಗಿಲು. ಕೋಡಿ ಬೇಡವೆಂದರೂ ಹೋಗಲೇಬೇಕಾದ ನೀರಿನ ದಾರಿ. ಏರಿಗಿಂತ ಕೆಲವು ಅಡಿ ತಗ್ಗಿನಲ್ಲಿ, ಸಾಮಾನ್ಯವಾಗಿ ಗಟ್ಟಿ ನೆಲ ಅಥವಾ ಬಂಡೆ ಸಿಕ್ಕುವ ಕಡೆ, ಕಲ್ಲು ಹಾಸಿ ಅದನ್ನು ಕಟ್ಟುತ್ತಿದ್ದರು. ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಕೆಲವು ಗಂಟೆಗಳಲ್ಲಿ ಏರಿ ಕೊಚ್ಚಿಹೋಗುತ್ತದೆ. ಹಾಗಾಗಿ ಕೋಡಿಯನ್ನು ಉದ್ದವಾಗಿ ಕಟ್ಟುವುದೇ ಜಾಣತನ. ಕೋಡಿಯ ಉದ್ದ ಎರಡರಷ್ಟಾದರೆ ಅದೇ ಪ್ರವಾಹ ಅದರ ಮೇಲೆ ಹರಿಯುವಾಗ ನೀರಿನ ದಪ್ಪ ಸುಮಾರು ಮೂರನೇ ಎರಡರಷ್ಟಕ್ಕೆ ಇಳಿಯುತ್ತದೆ.

ಕೋಡಿಯ ಇನ್ನೊಂದು ಗುಣವನ್ನು ಹಳಬರು ಅನುಭವದಿಂದ ಅರಿತಿದ್ದರು, ಇಂದಿನ ಎಂಜಿನಿಯರರು ಲೆಕ್ಕದಿಂದ ಹೇಳುತ್ತಾರೆ. ಅದರ ಮೇಲಿನ ನೀರಿನ ದಪ್ಪ ಇಮ್ಮಡಿಯಾದರೆ ಹೊರಹೋಗುವ ನೀರು ಇಮ್ಮಡಿಯಲ್ಲ, ಹೆಚ್ಚುಕಡಿಮೆ 2.8 ಪಟ್ಟಾಗುತ್ತದೆ. ಎಂದರೆ ಎಣಿಸಿದ್ದಕ್ಕಿಂತ ದೊಡ್ಡ ಮಳೆ ಬಂದರೂ ಕೋಡಿ ಸ್ವಲ್ಪ ಏರಿದ ನೀರಿನಲ್ಲಿ ಬಹಳಷ್ಟನ್ನು ದಾಟಿಸಿಬಿಡುತ್ತದೆ. ಅದರಲ್ಲಿ ಮುರಿಯುವ ಕೀಲಿಲ್ಲ, ಹರಿಯುವ ಸರಪಳಿಯಿಲ್ಲ.

ಕೆಡಿಸುವವರು ಮನುಷ್ಯರೇ. ದಕ್ಷಿಣದ ಅನೇಕ ಹಳೆಯ ಕೆರೆಗಳಲ್ಲಿ ಕೋಡಿಯ ಮೇಲೆ ಸಾಲಾಗಿ ನೆಟ್ಟ ಕಲ್ಲುಗಳು ಕಾಣುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ಈ ಕಲ್ಲುಗಳ ನಡುವೆ ಮಣ್ಣು, ಹುಲ್ಲುಹೆಂಟೆ, ಸೊಪ್ಪು ತುಂಬಿ ಇನ್ನೊಂದು ಅಡಿ ನೀರು ಹೆಚ್ಚಿಗೆ ನಿಲ್ಲಿಸಿಕೊಳ್ಳುವ ಉಪಾಯ ಅದು. ಸಮಯಕ್ಕೆ ತೆಗೆದರೆ ಲಾಭ. ತೆಗೆಯುವ ಮೊದಲೇ ರಾತ್ರಿ ದೊಡ್ಡ ಮಳೆ ಸುರಿದರೆ ಕೋಡಿ ಬಾಯಿ ಕಟ್ಟಿಕೊಂಡು ಕೂತಿರುತ್ತದೆ, ನೀರು ಏರಿ ಹತ್ತುತ್ತದೆ. ಕೆರೆಯ ದುರಸ್ತಿಗೆಂದು ಬಿತ್ತುವಟ್ಟ, ಕಟ್ಟುಗೊಡಗೆಯೆಂಬ ಹೆಸರಿನಲ್ಲಿ ಭೂಮಿ ಬಿಟ್ಟುಕೊಟ್ಟದ್ದನ್ನು ನಮ್ಮ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಕೆರೆ ಕಟ್ಟಿಸಿದರೆ ಸಾಲದು, ಅದನ್ನು ಕಾಯಲು ಒಬ್ಬ ಬೇಕು ಎಂಬ ಎಚ್ಚರ ಅದರಲ್ಲಿದೆ.

ಈ ಕಾಯುವವನೇ ಬೇಡವಾಗುವಂತೆ ಮಾಡಬಹುದೇ? ಹೆಚ್ಚು ನೀರನ್ನೂ ನಿಲ್ಲಿಸಿಕೊಳ್ಳಬೇಕು, ಪ್ರವಾಹ ಬಂದಾಗ ದಾರಿಯೂ ತಾನೇ ತೆರೆಯಬೇಕು. ಮುಂಬಯಿ ಪ್ರಾಂತದ ಸೇವೆಯಲ್ಲಿದ್ದ ಎಂ. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಬಳಿಯ ಖಡಕವಾಸಲಾದಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಈ ಪ್ರಶ್ನೆಗೆ ಒಂದು ಉತ್ತರ. ಅವುಗಳಿಂದ ಹಳೆಯ ಕೋಡಿಗಿಂತ ಸುಮಾರು 8 ಅಡಿ ಎತ್ತರಕ್ಕೆ ನೀರು ನಿಲ್ಲಿಸಲು ಸಾಧ್ಯವಾಯಿತು. ನೀರು ಗೊತ್ತಾದ ಮಟ್ಟ ಮುಟ್ಟಿದರೆ ಬಾಗಿಲುಗಳು ತಾವಾಗಿ ತೆರೆಯುತ್ತಿದ್ದವು. ಆ ಕಥೆ ಎಲ್ಲರಿಗೂ ಗೊತ್ತು. ಎರಡನೆಯ ಉತ್ತರ ಅಷ್ಟು ಪ್ರಸಿದ್ಧವಲ್ಲ. ಅದನ್ನು ಅರಿಯಲು ಒಂದು ಹಿತ್ತಾಳೆಯ ಬಟ್ಟಲನ್ನು ನೋಡಬೇಕು.

ತೀರ್ಥಕ್ಷೇತ್ರಗಳ ಪಾತ್ರೆಯಂಗಡಿಗಳಲ್ಲಿ ವಾಸುದೇವನ ಬಟ್ಟಲು ಎಂಬ ಆಟಿಕೆ ಮಾರುತ್ತಿದ್ದರು. ಬಟ್ಟಲಿನ ನಡುವೆ ಶಿಶು ಕೃಷ್ಣನನ್ನು ಹೊತ್ತು ನಿಂತ ವಸುದೇವ. ನೀರು ಸುರಿಯುತ್ತ ಹೋದರೆ ಅದು ಅವನ ಸೊಂಟ, ಎದೆ ದಾಟಿ ಏರುತ್ತದೆ. ಕೃಷ್ಣನ ಪಾದ ಮುಟ್ಟಿತೋ ಇಲ್ಲವೋ, ತಳದ ತೂತಿನಿಂದ ಬಟ್ಟಲಿನ ನೀರೆಲ್ಲ ಹರಿದುಹೋಗುತ್ತದೆ. ಯಮುನೆ ದಾರಿ ಬಿಟ್ಟ ಕಥೆ ಮಕ್ಕಳ ಕಣ್ಣೆದುರು ನಡೆಯುತ್ತದೆ. ಒಳಗಿನ ಗುಟ್ಟು ಇಷ್ಟೇ: ಮೂರ್ತಿಯೊಳಗೆ ತಲೆಕೆಳಗಾದ ಜೆ ಆಕಾರದ ಒಂದು ಬಾಗಿದ ನಳಿಗೆ. ನೀರು ಬಾಗನ್ನು ದಾಟಿದೊಡನೆ ನಳಿಗೆ ತುಂಬಿ, ಉದ್ದನೆಯ ಕಾಲಿನಲ್ಲಿ ಬೀಳುವ ನೀರು ಹಿಂದಿನದನ್ನು ಎಳೆದುಕೊಂಡೇ ಹೋಗುತ್ತದೆ. ಇದೇ ಸೈಫನ್. ಗ್ರೀಕರಲ್ಲೂ ಇಂಥ ಬಟ್ಟಲಿದೆ. ಅದಕ್ಕೆ ಪೈಥಾಗೊರಸನ ಹೆಸರು ಅಂಟಿಕೊಂಡಿದೆ, ದುರಾಸೆಯಿಂದ ತುಂಬಿಸಿದವನಿಗೆ ಒಂದು ಹನಿಯೂ ಉಳಿಯದು ಎಂಬ ನೀತಿಯೊಡನೆ. ನಮ್ಮ ಬಟ್ಟಲಿನ ಕಥೆಯೇ ಹೆಚ್ಚು ಚೆಂದ ಎಂದು ನನಗನ್ನಿಸುತ್ತದೆ.

ಆಟಿಕೆಯ ಈ ಗುಟ್ಟನ್ನು ಅಣೆಕಟ್ಟಿನ ಗಾತ್ರಕ್ಕೆ ಬೆಳೆಸಿದವರು ಮೈಸೂರು ಸಂಸ್ಥಾನದ ಎಂಜಿನಿಯರ್ ವಿ. ಗಣೇಶ ಅಯ್ಯರ್. ‘ಗಣೇಶ ಅಯ್ಯರ್ ವೊಲ್ಯೂಟ್ ಸೈಫನ್’ ಎಂಬ ಹೆಸರಿನಲ್ಲಿ ಅದು ಭಾರತದ ಎಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲಿ ಇಂದಿಗೂ ಇದೆ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಅಣೆಕಟ್ಟಿನಲ್ಲಿ, ಸಾಗರ ತಾಲ್ಲೂಕಿನ ಮಡೆನೂರಿನ ಬಳಿ ಶರಾವತಿಗೆ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟಿನಲ್ಲಿ ಇಂಥ ಸೈಫನ್‌ಗಳನ್ನು ಬಳಸಿದರು.

ದೊಡ್ಡ ಸೈಫನ್ನಿಗೆ ಎರಡು ತೊಡಕು. ಅದರ ತಲೆಯಲ್ಲಿ ತುಂಬಿಕೊಂಡ ಗಾಳಿಯನ್ನು ಯಾರು ಹೊರಗೆ ಹಾಕಬೇಕು? ಒಮ್ಮೆ ಹರಿಯತೊಡಗಿದರೆ ಯಾರು ನಿಲ್ಲಿಸಬೇಕು? ವಾಸುದೇವನ ಬಟ್ಟಲಿನಂತೆ ಜಲಾಶಯವೆಲ್ಲ ಬರಿದಾದರೆ ರೈತನ ಗತಿಯೇನು?

ಅಯ್ಯರ್ ಅವರ ರಚನೆ ಹೀಗಿದೆ. ಜಲಾಶಯದೊಳಗೆ ನೆಟ್ಟಗೆ ನಿಂತ ದಪ್ಪನೆಯ ಕೊಳವೆ, ಅದರ ಬಾಯಿ ಆಲಿಕೆಯಂತೆ ಅಗಲ. ಆಲಿಕೆಯ ಅಂಚು ಜಲಾಶಯದ ಪೂರ್ಣ ಮಟ್ಟಕ್ಕೆ ಸರಿಯಾಗಿರುತ್ತದೆ. ಮೇಲೆ ಗುಮ್ಮಟದಂತಹ ಮುಚ್ಚಳ. ಸುತ್ತಲಿನ ಸಂದಿನಿಂದ ನೀರು ಒಳಬರುತ್ತದೆ. ಆಲಿಕೆಯ ಒಳಮೈಗೆ ಶಂಖದ ಸುರುಳಿಯಂತೆ ಬಾಗಿದ ತಡೆಗಳು. ನೀರು ಅಂಚನ್ನು ಸ್ವಲ್ಪ ಮೀರಿದರೆ ಸಾಕು, ಈ ತಡೆಗಳ ನಡುವೆ ಸುತ್ತುತ್ತ ಇಳಿದು ಸುಳಿಯಾಗುತ್ತದೆ. ಸುಳಿ ಗುಮ್ಮಟದ ಗಾಳಿಯನ್ನು ಎಳೆದುಕೊಂಡು ಕೆಳಗೆ ಹೋಗುತ್ತದೆ. ಗಾಳಿ ಖಾಲಿಯಾದೊಡನೆ ಕೊಳವೆ ಪೂರ್ತಿ ತುಂಬಿ ಸೈಫನ್ ಹೂಡುತ್ತದೆ. ನಿಲ್ಲಿಸುವುದಕ್ಕೆ ಗುಮ್ಮಟಕ್ಕೆ ಜೋಡಿಸಿದ ಸಣ್ಣ ಗಾಳಿ ಕೊಳವೆ. ಅದರ ಬಾಯಿ ಪೂರ್ಣ ಮಟ್ಟದಲ್ಲಿರುತ್ತದೆ. ನೀರು ಅಲ್ಲಿಗೆ ಇಳಿದಾಗ ಬಾಯಿ ತೆರೆದು ಗಾಳಿ ಒಳನುಗ್ಗುತ್ತದೆ, ಸೈಫನ್ ಕಡಿದುಹೋಗುತ್ತದೆ. ಕಾವಲುಗಾರನಿಲ್ಲ, ಬಾಗಿಲಿಲ್ಲ, ಗಾಳಿಯೇ ಬೀಗ, ಗಾಳಿಯೇ ಕೀಲಿಕೈ.

1939ರಲ್ಲಿ ಆರಂಭವಾದ ಹಿರೇಭಾಸ್ಕರದ ಕೆಲಸ ಮುಗಿದು 1948ರ ಹೊತ್ತಿಗೆ ಜೋಗದ ವಿದ್ಯುದಾಗಾರಕ್ಕೆ ನೀರು ಸಿಗತೊಡಗಿತು. ಆದರೆ ಆ ಅಣೆಕಟ್ಟಿನ ಆಯುಷ್ಯ ಎರಡು ದಶಕವೂ ಇರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದು ಶರಾವತಿಯ ಹಿನ್ನೀರು ಅದನ್ನು ನುಂಗಿತು. ಬೇಸಿಗೆಯಲ್ಲಿ ಹಿನ್ನೀರು ತೀರ ಇಳಿದ ವರ್ಷಗಳಲ್ಲಿ ಹಳೆಯ ಅಣೆಕಟ್ಟು, ಅದರ ಸೈಫನ್‌ಗಳು ಮತ್ತೆ ಹೊರಗೆ ಕಾಣುತ್ತವೆ. ನೋಡಲು ಜನ ಹೋಗುತ್ತಾರೆ.

ಇಷ್ಟು ಜಾಣ ಉಪಾಯ ಎಲ್ಲೆಡೆ ಏಕೆ ಹರಡಲಿಲ್ಲ? ಸೈಫನ್ ಹೂಡಿದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ; ಕೆಳಗಿನ ಹೊಳೆಗೆ ಒಮ್ಮೆಗೇ ದೊಡ್ಡ ನೀರು ಬೀಳುತ್ತದೆ. ಗುಮ್ಮಟದಲ್ಲಿ ಬಿರುಕು ಬಿಟ್ಟು ಗಾಳಿ ಸೇರಿದರೆ ಅದು ಹೂಡುವುದೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಕೋಡಿಗಿರುವ ಔದಾರ್ಯ ಅದಕ್ಕಿಲ್ಲ. 50 ಅಡಿ ಆಳಕ್ಕೆ ನೀರು ಬೀಳಿಸುತ್ತಿರುವ ಸೈಫನ್ನಿನ ಮೇಲೆ ಇನ್ನೊಂದು ಅಡಿ ನೀರು ಏರಿದರೆ ಅದರ ಹರಿವು ನೂರಕ್ಕೆ ಒಂದರಷ್ಟು ಹೆಚ್ಚೀತು, ಅಷ್ಟೆ. ಎಣಿಸಿದ ಪ್ರವಾಹಕ್ಕೆ ಅದು ಬಹಳ ಸಮರ್ಥ, ಎಣಿಸದ ಪ್ರವಾಹದ ಮುಂದೆ ಅಸಹಾಯಕ. ಹಾಗೆಂದು ಬಾಗಿಲುಗಳೇ ಲೇಸು ಎನ್ನುವಂತೆಯೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದದ್ದು, ತುಂಬಿದ ಜಲಾಶಯದ ನೀರನ್ನು ಹೊಳೆಗೆ ಬಿಡಬೇಕಾದದ್ದು ಓದುಗರಿಗೆ ನೆನಪಿರಬಹುದು.

ಇನ್ನು ಮೀನಿನ ತೊಟ್ಟಿ. 1850ರ ಹೊತ್ತಿಗೆ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಮೀನು ಮತ್ತು ಜಲಸಸ್ಯಗಳನ್ನು ಒಟ್ಟಿಗೆ ಇಟ್ಟರೆ ನೀರು ಕೆಡದೆ ಉಳಿಯುತ್ತದೆಂದು ತೋರಿಸಿದರು. 1853ರಲ್ಲಿ ಅಲ್ಲಿನ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. ಅವೆಲ್ಲ ಮುಖ್ಯವಾಗಿ ನಿಂತ ನೀರಿನ ತೊಟ್ಟಿಗಳು. ಕೋಡಿಯ ಪ್ರಶ್ನೆ ದೊಡ್ಡದಾಗಿರಲಿಲ್ಲ. ನೀರನ್ನು ಸದಾ ತಿರುಗಿಸುತ್ತಿರಬೇಕೆಂದು ಹಟ ಹಿಡಿದವರು ವಿಲಿಯಂ ಆಲ್ಫರ್ಡ್ ಲಾಯ್ಡ್. 1871ರಲ್ಲಿ ತೆರೆದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮತ್ಸ್ಯಾಲಯದಲ್ಲಿ ಅವರು ನೆಲದಡಿ ದೊಡ್ಡ ಜಲಾಶಯ ಕಟ್ಟಿಸಿ, ಉಗಿ ಯಂತ್ರದ ಪಂಪಿನಿಂದ ಕಡಲ ನೀರನ್ನು ತೊಟ್ಟಿಗಳಿಗೆ ಏರಿಸಿ, ಉಕ್ಕಿದ್ದನ್ನು ಮತ್ತೆ ಕೆಳಗೆ ಇಳಿಸಿದರು. ಖಾಸಬಾಗದ ಪಡಸಾಲೆಯ ಎರಡಂತಸ್ತಿನ ತೊಟ್ಟಿ ಅದರ ಮರಿಮಗು.

ಗೊಳಗೊಳದ ಕಾರಣ ಈಗ ಸುಲಭವಾಗಿ ತಿಳಿಯುತ್ತದೆ. ಒಂದು ಇಂಚಿನ ಕೊಳವೆ ಪೂರ್ತಿ ತುಂಬಿ ಎರಡು ಅಡಿ ಕೆಳಗೆ ಬಿದ್ದರೆ ಪಂಪು ಕೊಡುವುದರ ಇಮ್ಮಡಿಗಿಂತ ಹೆಚ್ಚು ನೀರನ್ನು ಒಯ್ಯಬಲ್ಲದು. ಹೀಗಾಗಿ ನೀರು ಏರುತ್ತದೆ, ಸೈಫನ್ ಹೂಡುತ್ತದೆ, ಸರ್ರನೆ ನೀರನ್ನೆಲ್ಲ ಎಳೆದು ಗಾಳಿ ಹೀರಿ ಕಡಿದುಹೋಗುತ್ತದೆ. ಮತ್ತೆ ಮೊದಲಿನಿಂದ. ಸದ್ದು ಮಾಡುವುದು ನೀರಲ್ಲ, ನೀರಿನೊಡನೆ ಜಗಳಕ್ಕಿಳಿದ ಗಾಳಿ. ಕೊಳವೆಯಲ್ಲಿ ಬರೀ ನೀರಿದ್ದರೆ ಅದು ಮೌನ. ಗೋಡೆಗಂಟಿ ತೆಳ್ಳಗೆ ನೀರು ಇಳಿದು ನಡುವೆ ಗಾಳಿ ಸಲೀಸಾಗಿ ಆಡಿದರೂ ಮೌನ.

2000ದ ದಶಕದಲ್ಲಿ ಅಮೆರಿಕದ ಹವ್ಯಾಸಿಗಳು ರೂಢಿಗೆ ತಂದ ಮೂರು ಕೊಳವೆಗಳ ಕ್ರಮ ಇದನ್ನೇ ಬಳಸಿಕೊಳ್ಳುತ್ತದೆ. ಮೊದಲನೆಯದು ಸೈಫನ್, ಅದರ ಕೆಳಗೊಂದು ಗೇಟ್ ವಾಲ್ವು. ಪಂಪಿನ ನೀರಿಗಿಂತ ತುಸುವೇ ಕಡಿಮೆ ಹೋಗುವಂತೆ ವಾಲ್ವು ತಿರುಗಿಸಿದರೆ ಕೊಳವೆ ಸದಾ ತುಂಬಿರುತ್ತದೆ. ಉಳಿದ ತೆಳುನೀರು ಎರಡನೆಯ, ತೆರೆದ ಕೊಳವೆಯ ಗೋಡೆ ಹಿಡಿದು ಇಳಿಯುತ್ತದೆ. ಅದರ ತಲೆಗೆ ಒಂದು ಸಣ್ಣ ಗಾಳಿ ನಳಿಗೆ. ಮೊದಲನೆಯದು ಕಟ್ಟಿಕೊಂಡು ನೀರು ಏರಿದರೆ ಈ ನಳಿಗೆಯ ಬಾಯಿ ಮುಳುಗಿ, ಗಾಳಿ ನಿಂತು, ಎರಡನೆಯ ಕೊಳವೆಯೂ ಸೈಫನ್ ಆಗಿಬಿಡುತ್ತದೆ. ಗಣೇಶ ಅಯ್ಯರ್ ಅವರ ಗಾಳಿ ಕೊಳವೆ ನೀರು ಇಳಿದಾಗ ತೆರೆದು ಸೈಫನ್ ಕಡಿಯುತ್ತಿತ್ತು, ಇದು ನೀರು ಏರಿದಾಗ ಮುಚ್ಚಿ ಸೈಫನ್ ಹೂಡುತ್ತದೆ. ಮೂರನೆಯದು ಇನ್ನೂ ಎತ್ತರದಲ್ಲಿ ಬಾಯಿ ತೆರೆದು ನಿಂತ ಒಣ ಕೊಳವೆ. ಅದಕ್ಕೆ ವಾಲ್ವು ಕೂರಿಸಕೂಡದು. ನಿಜವಾದ ಕೋಡಿ ಅದೇ.

ಗೆಳೆಯರು ಎರಡು ರವಿವಾರ ಕೂತು ಈ ಕೆಲಸ ಮುಗಿಸಿದರು. ಖರ್ಚಾದದ್ದು ಪಿವಿಸಿ ಪೈಪು, ಎಲ್ಬೋ, ಟೀ, ಒಂದು ವಾಲ್ವಿಗೆ. ವಾಲ್ವನ್ನು ಕಾಲು ಸುತ್ತು, ಅರೆ ಸುತ್ತು ತಿರುಗಿಸುತ್ತ ಮಟ್ಟ ಹೊಂದಿಸಲಿಕ್ಕೇ ಒಂದು ಸಂಜೆ ಹಿಡಿಯಿತು. ಆಮೇಲೆ ಬೇಕೆಂದೇ ಮೊದಲ ಕೊಳವೆಯ ಬಾಯಿಗೆ ಅರಿವೆ ತುರುಕಿ ನೋಡಿದೆವು. ನೀರು ಒಂದು ಇಂಚು ಏರಿತು, ಎರಡನೆಯ ಕೊಳವೆ ಒಮ್ಮೆ ಗುಟುಕರಿಸಿ ಎಲ್ಲವನ್ನೂ ಎಳೆದುಕೊಂಡಿತು. ಅದಕ್ಕೂ ಅರಿವೆ ತುರುಕಿದಾಗ ಮೂರನೆಯದು ಹರಿಯತೊಡಗಿತು, ಭಾರೀ ಸದ್ದಿನೊಡನೆ. ‘ಇದು ಸಪ್ಪಳ ಮಾಡೂದ ಚಲೋರಿ, ಎಬ್ಬಸತೈತಲ್ಲ’ ಎಂದರು ಗೆಳೆಯರು.

ಆಮೇಲೆ ಪಂಪಿನ ಸ್ವಿಚ್ ತೆಗೆದು ಕಾದೆವು. ಕರೆಂಟು ಹೋದಾಗ ಮೇಲಿನ ತೊಟ್ಟಿಯ ನೀರು ಕೋಡಿಯ ಅಂಚಿನವರೆಗೆ ಇಳಿದು ಕೆಳಗಿನ ತೊಟ್ಟಿಗೆ ಸೇರುತ್ತದೆ. ಅಷ್ಟಕ್ಕೆ ಅಲ್ಲಿ ಜಾಗ ಇರಬೇಕು. ನಾಲ್ಕು ಬೆರಳು ಜಾಗ ಉಳಿಯಿತು. ನೂಲಿನ ಗಂಟನ್ನು ಮಾತ್ರ ಅವರ ಹೆಂಡತಿ ಇನ್ನೂ ಅಟ್ಟದ ಮೇಲೆಯೇ ಇಟ್ಟಿದ್ದಾರೆ.