ಠಾಣೆಗೆ ಬುತ್ತಿ ಒಯ್ದ ಅವ್ವ

ಹೋದ ಶ್ರಾವಣದಾಗಿನ ಮಾತು. ರಾತ್ರಿ ಎಂಟೂವರಿ ಆಗಿತ್ತು. ಊಟಾ ಮುಗಿಸಿ, ಭಾಂಡಿ ಎಲ್ಲಾ ಬಚ್ಚಲಕ್ಕ ಹಾಕಿ, ಇನ್ನೇನು ಟೀವಿ ಮುಂದ ಕೂಡಬೇಕು ಅನ್ನೋದ್ರಾಗ ಬಾಗಲಾ ಬಡದ ಸಪ್ಪಳಾತು. ತಗದು ನೋಡಿದ್ರ ನಮ್ಮನಿ ಭಾಂಡಿ ತಿಕ್ಕೋ ಯಲ್ಲವ್ವ. (ಖರೆ ಹೆಸರು ಬ್ಯಾರೆ ಅದ, ಇಲ್ಲೆ ಹಿಂಗ ಕರೀತೀನಿ.) ಕೈಯಾಗ ಒಂದು ಬುತ್ತಿ ಗಂಟು.

“ಅಕ್ಕಾರ, ಹುಡುಗನ್ನ ಮಧ್ಯಾಹ್ನ ಸ್ಟೇಷನ್ನಿಗೆ ಕರಕೊಂಡು ಹೋಗ್ಯಾರ. ಯಾರದೋ ಮೊಬೈಲ್ ಕಳದದಂತ. ಮುಂಜಾನಿಂದ ಉಂಡಿಲ್ಲ ಅಂವಾ. ಎರಡು ರೊಟ್ಟಿ ಕೊಟ್ಟು ಬರಬೇಕು. ಒಬ್ಬಾಕಿಗೆ ಅಂಜಿಕಿ ಬರ್ತದ. ನನ್ನ ಜೋಡಿ ಬರ್ರೀ.”

ನಾ ಹೋಗಲಿಲ್ಲ. ಇದನ್ನ ಬರೀಲಿಕ್ಕೆ ನಾಚಿಕಿ ಆಗ್ತದ, ಆದ್ರ ಇದನ್ನ ಬಿಟ್ಟು ಮುಂದಿಂದು ಬರೀಲಿಕ್ಕೆ ಬರೂದಿಲ್ಲ. “ನಮ್ಮನಿಯವರು ಊರಾಗಿಲ್ಲವಾ, ಮುಂಜಾನೆ ನೋಡೂಣು” ಅಂದೆ. ಅದು ನೆವ. ನನಗೂ ಆಕಿಯಷ್ಟೇ ಅಂಜಿಕಿ. ನಾವು ಸಣ್ಣವರಿದ್ದಾಗಿಂದ ನಮ್ಮವ್ವ ಹೇಳಿಕೋತ ಬಂದದ್ದು ಒಂದೇ ಮಾತು: ಮರ್ಯಾದಸ್ಥರ ಮನಿ ಹೆಣ್ಣುಮಕ್ಕಳು ಸ್ಟೇಷನ್ನಿನ ಮೆಟ್ಟಲಾ ಹತ್ತಬಾರದು. ಯಲ್ಲವ್ವ ಒಂದು ಕ್ಷಣ ನಿಂತು, “ಆತ್ರೀ” ಅಂತ ಅಂದು, ಗಂಟು ಎದಿಗವಚಿಕೊಂಡು ಕತ್ತಲಾಗ ಹೋದ್ಲು.

ಹುಡುಗ ಮರುದಿನ ಸಂಜಿಕೆ ಬಂದ. ಮೊಬೈಲ್ ಅದರ ಮಾಲಕನ ಬೀಗರ ಮನ್ಯಾಗೇ ಸಿಕ್ಕಿತಂತ. ಅವನ ಅಂಗೈ ಬಾತಿದ್ವು. ಎರಡು ದಿನ ಚಹಾದ ವಾಟಿ ಹಿಡೀಲಿಕ್ಕೆ ಬರಲಿಲ್ಲ. ಏನಾತು ಅಂತ ಕೇಳಿದ್ರ “ಏನಿಲ್ರೀ” ಅಂದ. ನಾವೆಲ್ಲಾರೂ “ಬಂದನಲ್ಲ, ಸಾಕು ಬಿಡು” ಅಂದ್ವಿ.

ಆದ್ರ ನನಗ ಒಂದು ಮಾತು ಕೊರೀಲಿಕ್ಕೆ ಹತ್ತಿತು. ನಮ್ಮ ಮನ್ಯಾಗ ಹಾಲಿನವ ಅರ್ಧಾ ಲೀಟರ್ ಕಡಿಮಿ ಕೊಟ್ರ ಕ್ಯಾಲೆಂಡರದಾಗ ಗುರ್ತು ಹಾಕ್ತೀವಿ. ಇಸ್ತ್ರಿಗೆ ಕೊಟ್ಟ ಅರಿವಿ ಎಣಿಸಿ ಬರದಿಡ್ತೀವಿ. ಹತ್ತೊಂಬತ್ತು ವರ್ಷದ ಒಬ್ಬ ಹುಡುಗ ಒಂದು ಹಗಲು, ಒಂದು ರಾತ್ರಿ, ಮತ್ತೊಂದು ಹಗಲು ಒಂದು ಕಡೆ ಇದ್ದು ಬಂದಾನ, ಅದರ ಲೆಕ್ಕಾ ಎಲ್ಲೂ ಇಲ್ಲ. ಒಂದು ಚೀಟಿ ಇಲ್ಲ, ಸಹಿ ಇಲ್ಲ, ವ್ಯಾಳ್ಯಾ ಇಲ್ಲ. ಅಂವ ಅಲ್ಲಿಗೆ ಹೋಗೇ ಇಲ್ಲ ಅಂದ್ರೂ ಹೌದನ್ನಬೇಕು.

ಗಣಪತಿ ಹಬ್ಬಕ್ಕ ನಮ್ಮಣ್ಣನ ಮಗಳು ಬಂದಿದ್ಲು. ಕಾನೂನು ಓದಾಕತ್ಯಾಳ. ಕರ್ಜೀಕಾಯಿ ಮಾಡಿಕೋತ ಆಕಿ ಮುಂದ ಇದನ್ನ ಹೇಳಿದೆ. ಹುರಣಾ ತುಂಬೋದು ಬಿಟ್ಟು ನನ್ನ ಮಾರಿ ನೋಡಿದ್ಲು. “ಅತ್ಯಾ, ಹಿಂಗ ಬುತ್ತಿ ಒಯ್ದ ಇನ್ನೊಬ್ಬಾಕಿ ಇದ್ಲು. ಒಡಿಶಾದಾಕಿ” ಅಂದ್ಲು. ಆಕಿ ಹೇಳಿದ್ದು, ಆಮ್ಯಾಲೆ ನಾನೂ ಕೂತು ಓದಿದ್ದು, ಎಲ್ಲಾ ಕೂಡಿಸಿ ಇಲ್ಲೆ ಬರದೀನಿ.

ಮೊದಲು ಈ ಅಂಜಿಕಿ ಎಲ್ಲಿಂದ ಬಂತು ಅನ್ನೋದು. ನಮ್ಮವ್ವ ಸುಳ್ಳೇನ ಹೇಳಿರಲಿಲ್ಲ. ಬಳ್ಳಾರಿ, ಕೆನರಾ ಎಲ್ಲಾ ಮದ್ರಾಸ್ ಪ್ರಾಂತದಾಗ ಇದ್ದ ಕಾಲಕ್ಕ, 1855ರಾಗ, ಆ ಪ್ರಾಂತದ ಚಿತ್ರಹಿಂಸಿ ಬಗ್ಗೆ ಕಂಪನಿ ಸರಕಾರನೇ ಒಂದು ಆಯೋಗದ ಕಡಿಂದ ವರದಿ ಬರಸಿತು. ಭೂಕಂದಾಯ ವಸೂಲಿಗೂ, ಕಳ್ಳತನ ಒಪ್ಪಿಸಲಿಕ್ಕೂ ಮಂದಿನ್ನ ಬಗ್ಗಿಸಿ ಕಟ್ಟಿಹಾಕೋದು, ಬೆರಳು ಹಿಚುಕೋ ಕಟ್ಟಿಗಿ ಸಾಧನ ಹಾಕೋದು ಎಲ್ಲಾ ನಡದದ ಅಂತ ಅದರಾಗ ಬಂತು. ಕಂದಾಯ ಎತ್ತೋ ಮಂದಿ, ಪೊಲೀಸ್ ಕೆಲಸ ಮಾಡೋ ಮಂದಿ ಆಗ ಒಂದೇ. ಎರಡು ವರ್ಷಕ್ಕ 1857ರ ದಂಗೆ ಆತು. ಅದು ಅಡಗಿದ ಮ್ಯಾಲೆ 1861ರಾಗ ಪೊಲೀಸ್ ಕಾಯ್ದೆ ಬಂತು. ಮಂದಿನ್ನ ಕಾಯೋದಕ್ಕಿಂತ ಹದ್ದಿನಾಗ ಇಡೋದು ಅದರ ಮೊದಲ ಉದ್ದೇಶ. 1872ರ ಸಾಕ್ಷ್ಯ ಕಾಯ್ದೆದಾಗ ಬ್ರಿಟಿಷರೇ ಬರದ್ರು: ಪೊಲೀಸರ ಮುಂದ ಮಾಡಿದ ತಪ್ಪೊಪ್ಪಿಗಿ ಕೋರ್ಟಿನಾಗ ಸಾಕ್ಷಿ ಅಲ್ಲ. ನೋಡ್ರಿ, ಪೊಲೀಸ್ ಪಡೆ ಕಟ್ಟಿದವರಿಗೇ ಅದರ ಮ್ಯಾಲೆ ಭರೋಸಾ ಇರಲಿಲ್ಲ. ಆ ನಿಯಮ ಇವತ್ತಿನ ಹೊಸಾ ಕಾಯ್ದೆದಾಗೂ ಉಳದದ.

ಬ್ರಿಟಿಷರು ಹೋದ್ರು, ಖಾಕಿ ಉಳೀತು, ಅಂಜಿಕಿನೂ ಉಳೀತು. ಆಮ್ಯಾಲೆ ಏನರೆ ಬದಲಾಗಿದ್ರ ಅದಕ್ಕ ದೊಡ್ಡ ಕಾರಣ ಮೂರು ಕಾಗದ. ಹೌದು, ನಾವು ತವರಮನಿಗೆ ಬರೀತಿದ್ವಲ್ಲ, ಅಂಥಾವೇ ಕಾಗದ.

ಮೊದಲನೇದು 1979ರದು. ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆದಾಗ 1972ರ ಮಾರ್ಚ್‌ದಾಗ ಒಬ್ಬ ಬಡ ಆದಿವಾಸಿ ಹುಡುಗಿ ಮ್ಯಾಲೆ ಇಬ್ಬರು ಪೊಲೀಸರು ಅತ್ಯಾಚಾರ ಮಾಡಿದ್ರು ಅಂತ ಕೇಸಾತು. ಆಕಿ ಮನಿಯವರು ಠಾಣೆ ಹೊರಗೇ ನಿಂತಿದ್ರು. ಕೆಳಗಿನ ಕೋರ್ಟು ಬಿಡ್ತು, ಹೈಕೋರ್ಟು ಶಿಕ್ಷಾ ಕೊಡ್ತು, 1978ರಾಗ ಸುಪ್ರೀಂ ಕೋರ್ಟು ಮತ್ತ ಬಿಡ್ತು. ಮೈಮ್ಯಾಲೆ ಗಾಯ ಇಲ್ಲ, ಒದರಿಲ್ಲ ಅನ್ನೋದು ಅದರ ಕಾರಣ. ಮುಂದಿನ ವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್ವಾರ್, ರಘುನಾಥ ಕೇಳ್ಕರ್ ಅನ್ನೋ ನಾಲ್ಕು ಮಂದಿ ಕಾನೂನು ಪ್ರಾಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಒಂದು ಬಹಿರಂಗ ಪತ್ರ ಬರದ್ರು. ಅಂಜಿ ಸುಮ್ಮನಾದ್ರ ಅದು ಒಪ್ಪಿಗಿ ಹ್ಯಾಂಗ ಆಗ್ತದ ಅಂತ ಕೇಳಿದ್ರು. 1980ರಾಗ ಹೆಣ್ಣುಮಕ್ಕಳು ಊರೂರಿಗೆ ಬೀದಿಗಿಳಿದ್ರು. 1983ರಾಗ ಕಾಯ್ದೆ ಬದಲಾತು. ಠಾಣೆದಾಗ ಇಂಥಾದ್ದು ಆದಾಗ, ಹೆಣ್ಣುಮಗಳು ‘ನನ್ನ ಒಪ್ಪಿಗಿ ಇರಲಿಲ್ಲ’ ಅಂದ್ರ ಕೋರ್ಟು ಅದನ್ನ ಖರೆ ಅಂತ ಹಿಡಕೊಂಡೇ ಮುಂದ ಹೋಗಬೇಕು; ಅಲ್ಲ ಅಂತ ತೋರಸೋದು ಎದುರಿನವರ ಪಾಲಿಗೆ. ಆ ಹುಡುಗಿ ಹೆಸರು ಪ್ರಕರಣಕ್ಕ ಅಂಟಿಕೊಂಡದ, ನಾ ಬರಿಯೂದಿಲ್ಲ. ಸಂತ್ರಸ್ತ ಹೆಣ್ಣುಮಕ್ಕಳ ಹೆಸರು ಅಚ್ಚು ಹಾಕಬಾರದು ಅನ್ನೋ ನಿಯಮನೂ ಆವತ್ತೇ ಬಂದದ್ದು.

ಎರಡನೇದು 1986ರದು. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥಾದ ಡಿ.ಕೆ. ಬಸು ಅನ್ನೋವರು, ಲಾಕಪ್ಪಿನಾಗ ಮಂದಿ ಸಾಯೋ ಸುದ್ದಿ ಪೇಪರಿನಾಗ ಓದಿ ಓದಿ ತಡೀಲಾರದ ಆಗಸ್ಟ್ 26ಕ್ಕ ಸುಪ್ರೀಂ ಕೋರ್ಟಿಗೆ ಕಾಗದ ಬರದ್ರು. ಕೃಷ್ಣ ಅಯ್ಯರ್, ಭಗವತಿ ಅವರಂಥಾ ನ್ಯಾಯಮೂರ್ತಿಗಳು ಕಾಗದನ್ನೇ ಅರ್ಜಿ ಅಂತ ತಗೋಳೋ ರೂಢಿ ಆಗಲೇ ಹಾಕಿದ್ರು. ಹತ್ತು ವರ್ಷ ಆದಮ್ಯಾಲೆ, 1996ರ ಡಿಸೆಂಬರ್ 18ಕ್ಕ, ಕೋರ್ಟು 11 ನಿಯಮ ಹಾಕಿಕೊಡ್ತು. ಅವನ್ನ ಇಲ್ಲೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ನನ್ನ ತಪ್ಪು ಗೊತ್ತಾದದ್ದು ಇಲ್ಲೇ.

ಬಂಧಿಸೋ ಪೊಲೀಸರ ಹೆಸರು, ಹುದ್ದೆ ಅವರ ಅಂಗಿ ಮ್ಯಾಲೆ ಕಾಣಬೇಕು. ಬಂಧಿಸಿದ ತಾರೀಖು, ವ್ಯಾಳ್ಯಾ ಹಾಕಿ ಆಗಿಂದಾಗಲೇ ಒಂದು ಕಾಗದ ಬರೀಬೇಕು, ಸಿಕ್ಕವನ ಸಹಿ ತಗೋಬೇಕು. ಮನಿಯವರಿಗೋ ಗೆಳೆಯರಿಗೋ ಸುದ್ದಿ ಮುಟ್ಟಿಸಬೇಕು. ಅಂವ ಕೇಳಿದ್ರ ಮೈಮ್ಯಾಲಿನ ಗಾಯ ನೋಡಿ ಬರದಿಡಬೇಕು, 48 ತಾಸಿಗೊಮ್ಮೆ ಡಾಕ್ಟರಿಗೆ ತೋರಿಸಬೇಕು. ವಕೀಲರನ್ನ ಕಾಣಲಿಕ್ಕೆ ಬಿಡಬೇಕು. ಇನ್ನ ಆ ಬಂಧನದ ಕಾಗದದ ಮ್ಯಾಲೆ ಒಬ್ಬರದರೆ ಸಾಕ್ಷಿ ಸಹಿ ಇರಬೇಕು. ಯಾರದು? ಮನಿಯವರದು, ಇಲ್ಲಾ ಆ ಓಣಿಯ ಒಬ್ಬ ಮರ್ಯಾದಸ್ಥರದು.

ಇದನ್ನ ಓದಿ ನಾ ಸುಮ್ಮನ ಕೂತೆ. ಮರ್ಯಾದಸ್ಥರು ಸ್ಟೇಷನ್ ಮೆಟ್ಟಲಾ ಹತ್ತಬಾರದು ಅಂತ ನಾ ಮನ್ಯಾಗ ಉಳದಿದ್ದೆ. ಕಾಯ್ದೆ ಮಾತ್ರ ಆ ಮರ್ಯಾದಸ್ಥರ ಸಲುವಾಗಿ ಒಂದು ಸಹಿಯಷ್ಟು ಜಾಗಾ ಬಿಟ್ಟು ಕಾಯ್ತಾ ಇತ್ತು.

ಮೂರನೇದು ಆ ತಾಯಿದು. ನೀಲಾಬತಿ ಬೆಹೆರಾ ಅಂತ, ಒಡಿಶಾದ ಸುಂದರಗಢ ಜಿಲ್ಲಾದಾಕಿ. 1987ರ ಡಿಸೆಂಬರ್ 1ರ ಮುಂಜಾನೆ ಆಕಿಯ 22 ವರ್ಷದ ಮಗನ್ನ, ಕಳ್ಳತನದ ತನಿಖಿ ಅಂತ ಪೊಲೀಸರು ಮನಿಯಿಂದ ಜರೈಕೇಲಾ ಹೊರಠಾಣೆಗೆ ಕರಕೊಂಡು ಹೋದ್ರು. ರಾತ್ರಿ ಎಂಟರ ಸುಮಾರಿಗೆ ಆಕಿ ಊಟಾ ಕಟಗೊಂಡು ಹೋದ್ಲು. ಮಗ ಉಂಡ. ಮರುದಿನ ಮಧ್ಯಾಹ್ನ ರೈಲು ಹಳಿ ಮ್ಯಾಲೆ ಅವನ ಹೆಣ ಸಿಕ್ತು, ಮೈತುಂಬ ಗಾಯ.

ಪೊಲೀಸರು ಹೇಳಿದ್ದೇನಂದ್ರ, ರಾತ್ರಿ ಮೂರರ ಹೊತ್ತಿಗೆ ಕಟ್ಟಿದ ಹಗ್ಗಾ ಹಲ್ಲಿಲೆ ಕಡಕೊಂಡು ಓಡಿಹೋಗಿ ರೈಲಿಗೆ ಸಿಕ್ಕ ಅಂತ. ಆ ತಾಯಿ 1988ರ ಸೆಪ್ಟೆಂಬರ್ 14ಕ್ಕ ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರದ್ಲು. ಕೋರ್ಟು ಅದನ್ನೇ ಅರ್ಜಿ ಅಂತ ತಗೊಂಡು, ಜಿಲ್ಲಾ ನ್ಯಾಯಾಧೀಶರ ಕಡಿಂದ ವಿಚಾರಣಿ ಮಾಡಿಸಿತು. 1991ರಾಗ ಅವರ ವರದಿ ಬಂತು: ಪೊಲೀಸರ ವಶದಾಗ ಇದ್ದಾಗ ಬಿದ್ದ ಏಟಿನಿಂದನೇ ಸತ್ತಾನ. ಹುಡುಗ ಓಡಿಹೋಗಿದ್ದೇ ಖರೆ ಆಗಿದ್ರ ಪೊಲೀಸರು ಅವನ್ನ ಹುಡುಕಬೇಕಿತ್ತಲ್ಲ, ಹುಡುಕಿದ್ದಕ್ಕ ನಂಬೋವಂಥಾ ಸಾಕ್ಷಿನೇ ಇಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ಗಾಯ ಲಾಠಿಯಂಥಾದ್ದರಿಂದ ಆಗಿರಬಹುದು, ರೈಲಿಂದಲ್ಲ ಅನ್ನೋ ಡಾಕ್ಟರ ಮಾತನ್ನ ಒಪ್ಪಿತು.

1993ರ ಮಾರ್ಚ್ 24ಕ್ಕ ತೀರ್ಪು. ನಮ್ಮ ನೌಕರರು ಮಾಡಿದ್ದಕ್ಕ ಸರಕಾರ ಹೊಣಿ ಅಲ್ಲ ಅನ್ನೋ ಹಳೇ ವಾದ, ಮೂಲಭೂತ ಹಕ್ಕಿನ ವಿಷಯದಾಗ ನಡಿಯೂದಿಲ್ಲ ಅಂತ ಕೋರ್ಟು ಖಡಕ್ಕಾಗಿ ಹೇಳಿ, ತಾಯಿಗೆ 1,50,000 ರೂಪಾಯಿ ಪರಿಹಾರ ಕೊಡಲಿಕ್ಕೆ ಆದೇಶ ಮಾಡ್ತು. ಮೂರು ವರ್ಷ ಬ್ಯಾಂಕಿನಾಗ ಠೇವಣಿ ಇಟ್ಟು ಬಡ್ಡಿ ಆಕಿಗೆ ಕೊಡ್ರಿ, ಆಮ್ಯಾಲೆ ಅಸಲು ಅಂತ ಅದರ ವ್ಯವಸ್ಥಾನೂ ಬರದ್ರು. ಮಗ ತಿಂಗಳಿಗೆ 1,200ರಿಂದ 1,500 ರೂಪಾಯಿ ದುಡೀತಿದ್ದ ಅನ್ನೋ ಲೆಕ್ಕಾನೂ ಅದರಾಗ ಅದ. ಮಗನ ಬೆಲಿ ಕಟ್ಟಲಿಕ್ಕೆ ಯಾರಿಗಾಗ್ತದ ಹೇಳ್ರಿ? ಆದ್ರ ‘ಅಂವ ನಮ್ಮ ಕೈಯಾಗ ಸತ್ತ, ಲೆಕ್ಕಾ ನಾವು ಕೊಡಬೇಕು’ ಅಂತ ಒಂದು ಸರಕಾರ ಒಪ್ಪಿಕೊಳ್ಳೋ ಹಂಗ ಮಾಡಿದ್ದು ಒಬ್ಬ ತಾಯಿ ಬರದ ಕಾಗದ.

ಆ ಪೀಠದ ಮೂರು ಮಂದಿ ನ್ಯಾಯಮೂರ್ತಿಗಳೊಳಗ ಒಬ್ಬರು ನಿಮಗೆಲ್ಲಾ ಗೊತ್ತಿದ್ದವರು: ಎನ್. ವೆಂಕಟಾಚಲ. 2001ರಿಂದ 2006ರ ತನಕ ನಮ್ಮ ಲೋಕಾಯುಕ್ತರಾಗಿದ್ರಲ್ಲ, ಸರಕಾರಿ ಆಫೀಸಿಗೆ ಅಚಾನಕ್ ಹೋಗಿ ನಿಂತು ತಬ್ಬಿಬ್ಬು ಮಾಡ್ತಿದ್ರಲ್ಲ, ಅವರೇ. ಟೀವಿದಾಗ ಅವರನ್ನ ನೋಡಿ ನಾವು ಎಷ್ಟು ಸಲ ಚಪ್ಪಾಳಿ ಹೊಡದಿಲ್ಲ! ಈ ತಾಯಿ ಕಾಗದ ಅವರ ಮುಂದೂ ಬಂದಿತ್ತು ಅಂತ ನನಗ ಈಗ ಗೊತ್ತಾತು.

ಇದನ್ನೆಲ್ಲಾ ನಮ್ಮ ಓಣಿ ತುದಿಮನಿ ವೈನಿ ಮುಂದ ಹೇಳಿದೆ. ಅವರ ಯಜಮಾನ್ರು ಹವಾಲ್ದಾರರಾಗಿ ರಿಟೈರ್ ಆದವರು. ಸಿಟ್ಟಾಗ್ತಾರೇನೋ ಅಂತ ಅಂಜಿಕೋತನೇ ಹೇಳಿದೆ. ಅವರು ಅವರೆಕಾಯಿ ಸುಲಿಯೋದು ಬಿಡಲಿಲ್ಲ. “ನಮ್ಮ ಮನ್ಯಾಗ ಹಬ್ಬಾ ಇರಲಿಲ್ಲ, ಹುಣ್ಣಿಮಿ ಇರಲಿಲ್ಲ. ಬಂದೋಬಸ್ತ್ ಅಂತ ಎರಡೆರಡು ದಿನ ಮನಿ ಮಾರಿ ನೋಡ್ತಿರಲಿಲ್ಲ. ಇಷ್ಟಾದ್ರೂ ಒಬ್ಬ ಹೊಡದ್ರ ಎಲ್ಲಾರ ಹೆಸರೂ ಕೆಡ್ತಿತ್ತು. ಬರವಣಿಗಿ ಸರಿ ಇದ್ರ ನಮ್ಮವರಂಥವರೂ ಉಳೀತಾರವಾ. ಬರೀಲಾರದ್ದು ಇದ್ದಲ್ಲೇ ಎಲ್ಲಾ ಹೊಲಸು” ಅಂದ್ರು. ಮೂವತ್ತು ವರ್ಷ ಖಾಕಿ ಅರಿವಿ ಒಗದ ಕೈ ಅವು. ಆ ಮಾತು ನನಗ ತೂಕದ್ದು ಅನಸ್ತು.

2024ರ ಜುಲೈ 1ರಿಂದ ಹೊಸಾ ಕಾಯ್ದೆ ಬಂದಾವ, ಆದ್ರ ನಮಗ ಬೇಕಾದ್ದು ಬಿಟ್ಟಿಲ್ಲ. ಸಾಕ್ಷಿ ಹೇಳಲಿಕ್ಕೆ ಹೆಣ್ಣುಮಕ್ಕಳನ್ನ ಠಾಣೆಗೆ ಕರಸೋ ಹಂಗಿಲ್ಲ, ಮನಿಗೇ ಬಂದು ಕೇಳಬೇಕು. ಹೊತ್ತು ಮುಳುಗಿದ ಮ್ಯಾಲೆ, ಹೊತ್ತು ಮೂಡೂಕಿಂತ ಮೊದಲು ಹೆಣ್ಣುಮಕ್ಕಳನ್ನ ಬಂಧಿಸಬಾರದು. ಭಾಳ ಅಡಚಣಿ ಇದ್ರ ಮಹಿಳಾ ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿ ತಗೊಂಡೇ ಮಾಡಬೇಕು. ಬಂಧಿಸಿದವರನ್ನ 24 ತಾಸಿನೊಳಗ ಮ್ಯಾಜಿಸ್ಟ್ರೇಟರ ಮುಂದ ನಿಲ್ಲಿಸಬೇಕು, ಇದು ಸಂವಿಧಾನದ ಮಾತು. ಬಂಧನಕ್ಕ ಕಾರಣ ಆಗೋವಂಥಾ ಅಪರಾಧದ ದೂರು ಯಾವ ಠಾಣೆಗೆ ಒಯ್ದ್ರೂ ಬರಕೋಬೇಕು, ಪ್ರತಿ ಪುಕಟ ಕೊಡಬೇಕು. ಠಾಣೆಗೊಳಗ ಕ್ಯಾಮೆರಾ ಇರಬೇಕು ಅಂತ ಸುಪ್ರೀಂ ಕೋರ್ಟು 2020ರಾಗ ಹೇಳೇದ. ಪೊಲೀಸರ ಮ್ಯಾಲೇ ದೂರಿದ್ರ ನಮ್ಮ ರಾಜ್ಯದಾಗ ಪೊಲೀಸ್ ದೂರು ಪ್ರಾಧಿಕಾರ ಅಂತ ಅದ.

ನಿಯಮ ಇದ್ದ ಮಾತ್ರಕ್ಕ ಎಲ್ಲಾ ಸರಿಹೋಗ್ತದ ಅಂತ ನಾ ಹೇಳೂದಿಲ್ಲ. 1996ರಾಗ ಬರದ ನಿಯಮ ಹೋದ ಶ್ರಾವಣದಾಗ ನಮ್ಮ ಯಲ್ಲವ್ವನ ಮಗನ ತನಕ ಬಂದು ಮುಟ್ಟಲಿಲ್ಲ. ಅಲ್ಲಿ ಕೇಳೋವರು ಯಾರೂ ಇರಲಿಲ್ಲ. ಕೇಳಬೇಕಾದಾಕಿ ಇಲ್ಲೆ ಟೀವಿ ಮುಂದ ಕೂತಿದ್ಲು.

ಹೋದ ವಾರ ಯಲ್ಲವ್ವಗ ಇದನ್ನೆಲ್ಲಾ ಹೇಳಿದೆ. ತಪ್ಪಾತು ಅಂತನೂ ಅಂದೆ. ಆಕಿ ಬೋಗಾಣಿ ತಿಕ್ಕಿಕೋತ, “ಅವತ್ತ ಬುತ್ತಿ ಒಳಗ ಒಯ್ಯಲಿಕ್ಕೆ ಬಿಡಲಿಲ್ರೀ ಅಕ್ಕಾರ, ಹೊರಗ ಕಟ್ಟಿ ಮ್ಯಾಲೆ ಇಟ್ಟು ಬಂದೆ. ಉಂಡ್ನೋ ಇಲ್ಲೋ ಇನ್ನೂ ಕೇಳಿಲ್ಲ” ಅಂದ್ಲು. ಅದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ.

ಹಾಲಿನ ಲೆಕ್ಕದ ಕ್ಯಾಲೆಂಡರಿನ ಬಾಜೂಕ ಒಂದು ಹಾಳಿ ಅಂಟಿಸೀನಿ. ಅದರ ಮ್ಯಾಲೆ ನಾಕೇ ಸಾಲು: ಹೆಸರು ಕೇಳು, ವ್ಯಾಳ್ಯಾ ಬರೀ, ಸಹಿ ಮಾಡು, ಪ್ರತಿ ತಗೋ. ನೀವೂ ಅಂಟಿಸಿಕೊಳ್ರಿ. ಬಾಗಲಾ ಮತ್ತ ಯಾವಾಗರೆ ಬಡೀಬಹುದು. ಈ ಸಲ ನಾ ಚಪ್ಪಲಿ ಹಾಕ್ಕೊಂಡು ಹೊಂಡತೀನಿ. ಒಬ್ಬಾಕಿಗೆ ಅಂಜಿಕಿ ಬಂದ್ರ ನಿಮ್ಮ ಬಾಗಲಾನೂ ಬಡೀತೀನಿ. ಬರ್ರಿ ಮತ್ತ.