ಹಳೆಯ ಎಂಜಿನ್ನಿಗೆ ಹೊಸ ಕ್ಯಾಮ್ ಶಾಫ್ಟ್

ಅಂಬಾಸಿಡರ್ ಕಾರಿನ ಬಾನೆಟ್ ತೆರೆದು, ಎಂಜಿನ್ ಓಡುತ್ತಿರುವಾಗ ನೀವು ಕಿವಿಗೊಟ್ಟಿದ್ದೀರಾ? ಹೊಲಿಗೆ ಯಂತ್ರದಂತೆ ಟಿಕ್ ಟಿಕ್ ಸದ್ದು ಕೇಳುತ್ತದೆ. ಅದು ಕವಾಟಗಳನ್ನು ತೆರೆಯುವ ರಾಕರ್ ಸನ್ನೆಗಳ ಸದ್ದು. ಅವನ್ನು ಆಡಿಸುವುದು ಎಂಜಿನ್ನಿನ ಒಡಲಲ್ಲಿ ಅಡಗಿರುವ ಕ್ಯಾಮ್ ಶಾಫ್ಟ್. ಈ ದಂಡದ ಮೇಲೆ ಪ್ರತಿ ಕವಾಟಕ್ಕೊಂದರಂತೆ ಮೊಟ್ಟೆಯಾಕಾರದ ಉಬ್ಬುಗಳಿವೆ. ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಶಾಫ್ಟ್ ಒಂದು ಸುತ್ತು ತಿರುಗುತ್ತದೆ.

ಆರಂಭದ ಹಲವು ಪೆಟ್ರೋಲ್ ಎಂಜಿನ್‌ಗಳಲ್ಲಿ ಹೊಗೆ ಹೊರಹೋಗುವ ಕವಾಟಕ್ಕೆ ಮಾತ್ರ ಕ್ಯಾಮ್ ಇತ್ತು. ಒಳಬರುವ ಕವಾಟವನ್ನು ಪಿಸ್ಟನ್ನಿನ ಹೀರಿಕೆಯೇ ತೆರೆಯಬೇಕಿತ್ತು. ವೇಗ ಹೆಚ್ಚಿದಂತೆ ಅದು ಹಿಂದೆ ಬೀಳುತ್ತಿತ್ತು. 1901ರ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿನಲ್ಲಿ ವಿಲ್ಹೆಲ್ಮ್ ಮೇಬಾಕ್ ಎರಡೂ ಬಗೆಯ ಕವಾಟಗಳನ್ನು ಕ್ಯಾಮ್‌ಗಳ ಹಿಡಿತಕ್ಕೆ ತಂದ. ಕವಾಟ ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಎಂಜಿನಿಯರ್ ನಿರ್ಧರಿಸುವಂತಾಯಿತು.

ಈ ನಿರ್ಧಾರದ ಸೂಕ್ಷ್ಮ ತಿಳಿಯಲು ಬ್ರಿಟನ್ನಿನ ಎಂಜಿಬಿ ಕ್ರೀಡಾ ಕಾರನ್ನು ನೋಡೋಣ. 1962ರಿಂದ 1980ರವರೆಗೆ ತಯಾರಾದ ಈ ಕಾರಿನ 1798 ಘನ ಸೆಂಟಿಮೀಟರ್ ಎಂಜಿನ್, ನಮ್ಮ ಅಂಬಾಸಿಡರ್‌ನಲ್ಲಿ ಬಹುಕಾಲ ದುಡಿದ 1489ರ ಎಂಜಿನ್ನಿನ ಸೋದರನೇ. ಎರಡೂ ಬಿಎಂಸಿ ಕಂಪನಿಯ 'ಬಿ' ಸರಣಿಗೆ ಸೇರಿದವು. ಎಂಜಿಬಿಯ ಮೂಲ ಕ್ಯಾಮ್ ಒಳಕವಾಟವನ್ನು ಪಿಸ್ಟನ್ ತುದಿ ತಲುಪುವುದಕ್ಕೆ 16 ಡಿಗ್ರಿ ಮೊದಲೇ ತೆರೆಯುತ್ತದೆ; ಪಿಸ್ಟನ್ ತಳ ಮುಟ್ಟಿ ಮೇಲೇರತೊಡಗಿದ 56 ಡಿಗ್ರಿ ಅನಂತರ ಮುಚ್ಚುತ್ತದೆ. ಅರ್ಧ ಸುತ್ತಿನ 180 ಸೇರಿಸಿದರೆ ಒಟ್ಟು 252 ಡಿಗ್ರಿ.

ಪಿಸ್ಟನ್ ಮೇಲೇರುವಾಗ ಕವಾಟ ತೆರೆದಿದ್ದರೆ ಗಾಳಿ ಹೊರಗೆ ನುಗ್ಗುವುದಿಲ್ಲವೆ? ಇಲ್ಲಿ ಜಡತ್ವ ನೆರವಿಗೆ ಬರುತ್ತದೆ. ಎಂಜಿನ್ ವೇಗವಾಗಿ ಓಡುವಾಗ ಒಳನುಗ್ಗುತ್ತಿರುವ ಗಾಳಿಯ ಕಂಬ ತಟ್ಟನೆ ನಿಲ್ಲದು. ಪಿಸ್ಟನ್ ತಿರುಗಿದರೂ ಇನ್ನಷ್ಟು ತುಂಬಿಕೊಳ್ಳುತ್ತದೆ. ನಿಮಿಷಕ್ಕೆ 3000 ಸುತ್ತಿನಲ್ಲಿ 252 ಡಿಗ್ರಿ ಎಂದರೆ ಬರೇ 14 ಮಿಲಿಸೆಕೆಂಡ್. 6000 ಸುತ್ತಿನಲ್ಲಿ ಅದು 7ಕ್ಕೆ ಇಳಿಯುತ್ತದೆ. ಅಷ್ಟರೊಳಗೆ ಸಿಲಿಂಡರ್ ತುಂಬಬೇಕು.

ಹಳೆಯ ಕಾರಿಗೆ 'ಬಿಸಿ' ಕ್ಯಾಮ್ ಹಾಕಿಸುವವರು ಮಾಡುವುದು ಈ ಅವಧಿಯನ್ನು 280 ಡಿಗ್ರಿಗೋ ಅದರಾಚೆಗೋ ಹಿಗ್ಗಿಸುವುದನ್ನು. ಮೇಲಿನ ವೇಗಗಳಲ್ಲಿ ಶಕ್ತಿ ಹೆಚ್ಚುತ್ತದೆ, ನಿಜ. ಆದರೆ ಎರಡೂ ಕವಾಟ ಒಟ್ಟಿಗೆ ತೆರೆದಿರುವ ಕಾಲವೂ ಹಿಗ್ಗುತ್ತದೆ. ಮೂಲ ಎಂಜಿಬಿಯಲ್ಲಿ ಅದು 37 ಡಿಗ್ರಿ. ಅದು ಬಹಳ ಹೆಚ್ಚಿದರೆ ನಿಧಾನಗತಿಯಲ್ಲಿ ಸುಟ್ಟ ಅನಿಲ ಹೊಸ ಮಿಶ್ರಣದೊಡನೆ ಬೆರೆತು ಎಂಜಿನ್ ಮುಗ್ಗರಿಸುತ್ತದೆ. ಪೇಟೆಯ ಓಡಾಟಕ್ಕೆ ಕಾರು ಇಟ್ಟುಕೊಂಡವರು ಮೂಲ ಕ್ಯಾಮ್‌ಗೆ ನಿಷ್ಠರಾಗಿರುವುದು ಲೇಸೆಂದು ನನ್ನ ಅಭಿಪ್ರಾಯ.

ಬದಲಾಯಿಸುವ ಕೆಲಸ ತಾಳ್ಮೆಯದು, ಆದರೆ ಗೂಢವೇನಲ್ಲ. ರೇಡಿಯೇಟರ್, ಚೈನಿನ ಮುಚ್ಚಳ, ಡಿಸ್ಟ್ರಿಬ್ಯೂಟರ್ ಮೊದಲಾದವನ್ನು ಕಳಚಿ ಕ್ಯಾಮ್ ಶಾಫ್ಟನ್ನು ಮುಂದಕ್ಕೆ ಎಳೆದು ತೆಗೆಯುತ್ತಾರೆ. ಹೊಸದನ್ನು ಕೂರಿಸುವಾಗ ಎರಡು ಹಲ್ಲುಚಕ್ರಗಳ ಮೇಲಿನ ಗುರುತುಗಳು ಎದುರುಬದುರಾಗಿರಬೇಕು. ಕಷ್ಟ ಶುರುವಾಗುವುದು ಆಮೇಲೆ. ಹಳೆಯ ಕಾರಿನ ಹುಚ್ಚಿರುವ ಮಿತ್ರರೊಬ್ಬರು ಹೊಸ ಕ್ಯಾಮ್ ಹಾಕಿ ಎಂಜಿನ್ನನ್ನು ಅರ್ಧ ಗಂಟೆ ಮೆಲ್ಲಗೆ ಓಡಬಿಟ್ಟರು. ಬಿಚ್ಚಿ ನೋಡಿದರೆ ಒಂದು ಉಬ್ಬಿನ ಮೂಗು ಸವೆದು ದುಂಡಗಾಗಿತ್ತು!

ಏಕೆ ಹೀಗಾಯಿತು? ಕ್ಯಾಮಿನ ಮೂಗು ಟ್ಯಾಪೆಟ್ಟಿನ ತಳವನ್ನು ತೀರ ಕಿರಿದಾದ ಜಾಗದಲ್ಲಿ ಒತ್ತುತ್ತದೆ. ತಳ ಸಮತಟ್ಟಾಗಿ ಕಂಡರೂ ತುಸು ಉಬ್ಬಿರುತ್ತದೆ. ಅದರಿಂದ ಟ್ಯಾಪೆಟ್ ತನ್ನ ಸುತ್ತಲೇ ತಿರುಗಿ ಸವೆತವನ್ನು ಹಂಚಿಕೊಳ್ಳುತ್ತದೆ. ಹಳೆಯ ಟ್ಯಾಪೆಟ್ ಹಳೆಯ ಕ್ಯಾಮಿಗೆ ಹೊಂದಿ ಸವೆದಿರುವುದರಿಂದ ಹೊಸ ಕ್ಯಾಮಿಗೆ ಹೊಸ ಟ್ಯಾಪೆಟ್ಟೇ ಬೇಕು. ಮಿತ್ರರು ಅದನ್ನು ಹಾಕಿದ್ದರು.

ಉಳಿದದ್ದು ಎಣ್ಣೆ. ಝಿಂಕ್ ಡೈಆಲ್ಕೈಲ್ ಡೈಥಯೋಫಾಸ್ಫೇಟ್ ಎಂಬ ಸಂಯುಕ್ತ 1940ರ ದಶಕದಲ್ಲಿ ಎಂಜಿನ್ ಎಣ್ಣೆ ಸೇರಿತು. ಎಣ್ಣೆ ಆಕ್ಸಿಡೀಕರಣವಾಗಿ ಬೇರಿಂಗುಗಳನ್ನು ಕೊರೆಯದಿರಲೆಂದು ಅದನ್ನು ಬೆರೆಸತೊಡಗಿದರು. ಉಜ್ಜುವ ಲೋಹದ ಮೇಲೆ ಸುಮಾರು 100 ನ್ಯಾನೊಮೀಟರ್ ದಪ್ಪದ ಗಾಜಿನಂಥ ಫಾಸ್ಫೇಟ್ ಪೊರೆ ಕಟ್ಟುವ ಅದರ ಗುಣ ಆಮೇಲೆ ಹೆಸರಾಯಿತು. ಈ ಪೊರೆ ಕ್ಯಾಮುಗಳನ್ನು ದಶಕಗಳ ಕಾಲ ಕಾಯಿತು. ಆದರೆ ಎಣ್ಣೆಯೊಡನೆ ಉರಿದುಹೋಗುವ ರಂಜಕ, ಹೊಗೆ ಶುದ್ಧಮಾಡುವ ವೇಗವರ್ಧಕ ಪರಿವರ್ತಕಕ್ಕೆ ವಿಷ. ಹಾಗಾಗಿ 2004ರ 'ಎಪಿಐ ಎಸ್‌ಎಂ' ದರ್ಜೆಯ ತೆಳು ಎಣ್ಣೆಗಳಲ್ಲಿ ರಂಜಕದ ಮಿತಿ ಶೇಕಡ 0.08ಕ್ಕೆ ಇಳಿಯಿತು. ಟ್ಯಾಪೆಟ್ಟಿನ ಬದಲು ಉರುಳೆಗಳಿರುವ ಹೊಸ ಎಂಜಿನ್‌ಗಳಿಗೆ ಅಷ್ಟು ಸಾಕು. 20ಡಬ್ಲ್ಯು-50ಯಂಥ ದಪ್ಪ ಎಣ್ಣೆಗೆ ಆ ಮಿತಿ ಇರಲಿಲ್ಲ. ಮಿತ್ರರು ತಂದದ್ದು ತೆಳು ಎಣ್ಣೆ.

ಎಣ್ಣೆಯೊಂದನ್ನೇ ದೂರುವುದೂ ಸರಿಯಲ್ಲ. ಬಿಸಿ ಕ್ಯಾಮಿನ ಜೊತೆಗೆ ಹಾಕುವ ಬಿಗಿ ಸ್ಪ್ರಿಂಗುಗಳು ಒತ್ತಡವನ್ನು ಹೆಚ್ಚಿಸುತ್ತವೆ. ಮೆಲ್ಲಗೆ ಓಡಿಸಿದ್ದೂ ತಪ್ಪೇ. ಮೂಗಿನ ಮೇಲೆ ಕವಾಟ ವೇಗ ಕಳೆದುಕೊಂಡು ಹಿಂದಿರುಗುತ್ತಿರುತ್ತದೆ. ಎಂಜಿನ್ ಜೋರಾಗಿ ತಿರುಗಿದಷ್ಟೂ ಸ್ಪ್ರಿಂಗಿನ ಬಲದ ಹೆಚ್ಚು ಪಾಲು ಈ ಕೆಲಸಕ್ಕೆ ಖರ್ಚಾಗಿ, ಕ್ಯಾಮಿನ ಮೇಲಿನ ಒತ್ತಡ ತಗ್ಗುತ್ತದೆ. ನಿಧಾನಗತಿಯಲ್ಲಿ ಮೂಗು ಪೂರ್ತಿ ಭಾರ ಹೊರಬೇಕು; ಕ್ರ್ಯಾಂಕ್ ಚಿಮ್ಮಿಸುವ ಎಣ್ಣೆಯೂ ಆಗ ಕಡಿಮೆ.

ಮಿತ್ರರ ಎರಡನೆಯ ಕ್ಯಾಮಿಗೆ ರಂಜಕ ಹೆಚ್ಚಿರುವ ಎಣ್ಣೆ ತಂದೆವು. ಉಬ್ಬುಗಳಿಗೆಲ್ಲ ಗ್ರೀಸಿನಂಥ ಲೇಪ ಬಳಿದು, ಚಾಲೂ ಆದ ಕ್ಷಣದಿಂದ 20 ನಿಮಿಷ 2000 ಸುತ್ತಿಗಿಂತ ಕೆಳಗಿಳಿಯದಂತೆ ಓಡಿಸಿದೆವು. ಗಡಿಯಾರ ಹಿಡಿದು ನಿಂತವನು ನಾನೇ.